ಅಮೆರಿಕದ ಕಾಲೇಜು: ಅರ್ಜಿಗೆ ಮೊದಲು ಮನೆಯಲ್ಲಿ ಆಗಬೇಕಾದ ಲೆಕ್ಕ

ಎರಡು ವರ್ಷಗಳ ಹಿಂದಿನ ರಮಝಾನ್. ರಜೆಯಲ್ಲಿ ಊರಿಗೆ ಬಂದಿದ್ದೆ. ತರಾವೀಹ್ ಮುಗಿಸಿ ಮಸೀದಿಯ ಅಂಗಳಕ್ಕೆ ಇಳಿಯುವಾಗ ಪರಿಚಯದವರೊಬ್ಬರು ಕೈ ಹಿಡಿದು ನಿಲ್ಲಿಸಿದರು. ದಮ್ಮಾಮ್‌ನಲ್ಲಿ ಇಪ್ಪತ್ತು ವರ್ಷಗಳಿಂದ ದುಡಿಯುತ್ತಿರುವವರು. ಮಗ ಅಲ್ಲಿಯೇ ಭಾರತೀಯ ಶಾಲೆಯಲ್ಲಿ ಹನ್ನೊಂದನೇ ತರಗತಿ ಮುಗಿಸಿದ್ದ.

"ಮಾಸ್ಟ್ರೇ, ಮಗನಿಗೆ ಅಮೆರಿಕದಲ್ಲಿ ಸೀಟು ಮಾಡಿಸಿ ಕೊಡ್ತೇನೆ ಅಂತ ಒಬ್ರು ನಾಲ್ಕು ಲಕ್ಷ ಕೇಳ್ತಿದ್ದಾರೆ. ಅರ್ಧ ಈಗಲೇ ಕೊಡ್ಬೇಕಂತೆ. ಕೊಡ್ಬಹುದಾ?"

"ಕೊಡಬೇಡಿ" ಅಂದೆ. "ಯಾಕೆ?" ಅಂದರು. ಆ "ಯಾಕೆ"ಗೆ ಅಂಗಳದಲ್ಲಿ ನಿಂತು ಉತ್ತರ ಹೇಳಿ ಮುಗಿಸಲು ಆಗಲಿಲ್ಲ. ಮರುದಿನ ಅಸರ್ ನಂತರ ಅವರ ಮನೆಗೆ ಹೋಗಿ, ತಂದೆ, ತಾಯಿ, ಮಗ ಮೂವರನ್ನೂ ಕೂರಿಸಿ ಮಾತಾಡಿದೆ. ಗಲ್ಫ್‌ನ ಶಾಲೆಯಲ್ಲಿ ಪಾಠ ಮಾಡುತ್ತಾ, ಇಂತಹ ಮಕ್ಕಳಿಗೆ ಶಿಫಾರಸು ಪತ್ರ ಬರೆಯುತ್ತಾ ನಾನು ಕಲಿತದ್ದನ್ನು ಅಂದು ಹೇಳಿದೆ. ಅದನ್ನೇ ಇಲ್ಲಿ ಕ್ರಮವಾಗಿ ಬರೆಯುತ್ತಿದ್ದೇನೆ. ಗಲ್ಫ್‌ನಲ್ಲಿ ಸಿಬಿಎಸ್‌ಇ ಓದುವ ಮಕ್ಕಳಿಗೂ ಊರಿನಲ್ಲಿ ಪಿಯುಸಿ ಓದುವವರಿಗೂ ಇದರಲ್ಲಿ ಹೆಚ್ಚಿನ ಅಂಶಗಳು ಒಂದೇ.

ಸೀಟು ಎಂಬುದಿಲ್ಲ, ಕಡತ ಇದೆ

ನಮಗೆ ಗೊತ್ತಿರುವ ದಾರಿ ಸಿಇಟಿ, ನೀಟ್, ಜೆಇಇ. ಒಂದು ಪರೀಕ್ಷೆ, ಒಂದು ರ‍್ಯಾಂಕ್, ನಂತರ ಕೌನ್ಸೆಲಿಂಗ್, ಕೊನೆಗೆ ಸೀಟು. ಅಮೆರಿಕದಲ್ಲಿ ಪದವಿ ತರಗತಿಗೆ ಇಂತಹ ಒಂದೇ ಪರೀಕ್ಷೆ ಇಲ್ಲ. ಎಲ್ಲ ಕಾಲೇಜುಗಳಿಗೂ ಸೀಟು ಹಂಚುವ ಸರಕಾರಿ ಸಂಸ್ಥೆಯೂ ಇಲ್ಲ. ಪ್ರತಿ ಕಾಲೇಜು ತನ್ನದೇ ಸಮಿತಿ ಇಟ್ಟುಕೊಂಡು, ವಿದ್ಯಾರ್ಥಿಯ ಕಡತವನ್ನು ಓದಿ, ತಾನೇ ತೀರ್ಮಾನಿಸುತ್ತದೆ. ಹಾಗಾಗಿ ಹೊರಗಿನವರು ಯಾರೂ ಅಲ್ಲಿ ಸೀಟು "ಮಾಡಿಸಿ" ಕೊಡಲಾರರು. ಹಾಗೆಂದು ಹಣ ಕೇಳುವವರು ಒಂದೋ ಯಾರನ್ನೂ ಸೇರಿಸಿಕೊಳ್ಳುವ ಕಾಲೇಜಿಗೆ ಕಳಿಸುತ್ತಾರೆ, ಇಲ್ಲವೇ ಹುಡುಗ ತಾನೇ ಮಾಡಬಹುದಾದ ಕೆಲಸಕ್ಕೆ ಬೆಲೆ ಕಟ್ಟುತ್ತಾರೆ.

ಕಡತದಲ್ಲಿ ಇರುವುದು ಇಷ್ಟು: 9ರಿಂದ 12ನೇ ತರಗತಿವರೆಗಿನ ಅಂಕಗಳು, ಶಾಲೆಯ ಪರಿಚಯ ಮತ್ತು ಸಲಹೆಗಾರರ ಪತ್ರ, ಸಾಮಾನ್ಯವಾಗಿ ಒಬ್ಬರು ಅಥವಾ ಇಬ್ಬರು ಶಿಕ್ಷಕರ ಶಿಫಾರಸು, ವಿದ್ಯಾರ್ಥಿ ಬರೆದ ಪ್ರಬಂಧ, ಪಾಠದ ಹೊರಗೆ ಮಾಡಿದ ಕೆಲಸಗಳ ಪಟ್ಟಿ, ಕೇಳಿದರೆ ಪರೀಕ್ಷಾ ಅಂಕಗಳು. ಸಾವಿರಕ್ಕೂ ಹೆಚ್ಚು ಕಾಲೇಜುಗಳು ಕಾಮನ್ ಆ್ಯಪ್ ಎಂಬ ಒಂದೇ ಆನ್‌ಲೈನ್ ಅರ್ಜಿಯನ್ನು ಸ್ವೀಕರಿಸುತ್ತವೆ. ಒಮ್ಮೆ ತುಂಬಿದರೆ 20 ಕಾಲೇಜುಗಳಿಗೆ ಕಳಿಸಬಹುದು. ಖಾತೆ ತೆರೆಯಲು ಹಣ ಬೇಕಿಲ್ಲ. ಕಾಲೇಜುಗಳು ಮಾತ್ರ ತಮ್ಮ ತಮ್ಮ ಅರ್ಜಿ ಶುಲ್ಕ ಕೇಳುತ್ತವೆ. ಹಲವು ಕಡೆ ಅದು 50ರಿಂದ 90 ಡಾಲರ್. ಕೆಲವು ಕಡೆ ಶುಲ್ಕವೇ ಇಲ್ಲ. ಕಷ್ಟವಿದ್ದರೆ ಶಾಲೆಯ ಮೂಲಕ ವಿನಾಯಿತಿ ಕೇಳಬಹುದು.

ಇದನ್ನೆಲ್ಲ ಉಚಿತವಾಗಿ ತಿಳಿಸಿಕೊಡಲು ಎಜುಕೇಶನ್‌ಯುಎಸ್‌ಎ ಎಂಬ ಸಲಹಾ ಕೇಂದ್ರಗಳ ಜಾಲವನ್ನು ಅಮೆರಿಕದ ವಿದೇಶಾಂಗ ಇಲಾಖೆಯೇ ನಡೆಸುತ್ತಿದೆ. ಭಾರತದಲ್ಲೂ ಗಲ್ಫ್‌ನಲ್ಲೂ ಅದರ ಕೇಂದ್ರಗಳಿವೆ. ನಾಲ್ಕು ಲಕ್ಷ ಕೊಡುವ ಮೊದಲು ಅಲ್ಲಿಗೆ ಒಂದು ಫೋನ್ ಮಾಡಿ.

ಮೊದಲು ಹಣದ ಲೆಕ್ಕ

ಹೆಚ್ಚಿನ ಮನೆಗಳಲ್ಲಿ ಹಣದ ಮಾತು ಕೊನೆಗೆ ಬರುತ್ತದೆ. ಹುಡುಗ ಅರ್ಜಿ ಹಾಕುತ್ತಾನೆ, ಮಾರ್ಚ್‌ನಲ್ಲಿ ಪ್ರವೇಶ ಸಿಕ್ಕಿತೆಂದು ಪತ್ರ ಬರುತ್ತದೆ, ಮನೆಯಲ್ಲಿ ಸಿಹಿ ಹಂಚುತ್ತಾರೆ. ಆಮೇಲೆ ತಂದೆ ಖರ್ಚಿನ ಪಟ್ಟಿ ನೋಡುತ್ತಾರೆ. ಆ ಹೊತ್ತಿಗೆ ಮಗನ ಮುಖ ನೋಡಿ "ಇಲ್ಲ" ಎನ್ನಲು ನಾಲಗೆ ಏಳುವುದಿಲ್ಲ. ಬಡ್ಡಿ ಸಾಲ ಮನೆಯೊಳಗೆ ಬರುವುದು ಇದೇ ಬಾಗಿಲಿನಿಂದ. ಜೀವನವಿಡೀ ಬಡ್ಡಿಯಿಂದ ದೂರವಿದ್ದ ತಂದೆ ಮಗನ ಓದಿಗೆಂದು ಮನೆ ಪತ್ರ ಅಡವಿಟ್ಟದ್ದನ್ನು ನಾನು ಕಂಡಿದ್ದೇನೆ. ಆದ್ದರಿಂದ ಲೆಕ್ಕ ಮೊದಲು ಆಗಲಿ, ಅರ್ಜಿ ಆಮೇಲೆ.

ಹಲವು ಖಾಸಗಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕ, ವಸತಿ, ಊಟ, ವಿಮೆ ಎಲ್ಲ ಸೇರಿ ವರ್ಷದ ವೆಚ್ಚ 80,000 ಡಾಲರ್ ದಾಟಿದೆ. ಸೌದಿ ರಿಯಾಲ್‌ನಲ್ಲಿ ಅದು ಮೂರು ಲಕ್ಷ. ಡಾಲರಿಗೆ 85 ರೂಪಾಯಿ ಹಿಡಿದರೂ ವರ್ಷಕ್ಕೆ 68 ಲಕ್ಷ. ಪದವಿ ಅಲ್ಲಿ ನಾಲ್ಕು ವರ್ಷ. ಒಟ್ಟು 2 ಕೋಟಿ 72 ಲಕ್ಷ. ರಾಜ್ಯ ವಿಶ್ವವಿದ್ಯಾಲಯಗಳು ಇದಕ್ಕಿಂತ ಅಗ್ಗ. ಆದರೆ ಅಲ್ಲಿ ವಿದೇಶಿ ವಿದ್ಯಾರ್ಥಿ ಆ ರಾಜ್ಯದ ಮಕ್ಕಳು ಕಟ್ಟುವ ಕಡಿಮೆ ಶುಲ್ಕ ಕಟ್ಟಿದರೆ ಸಾಲದು, ಹೊರಗಿನವರ ದರ ಕಟ್ಟಬೇಕು.

ಅಮೆರಿಕದ ಫೆಡರಲ್ ಸರಕಾರದ ಸಹಾಯಧನ ಅಲ್ಲಿನ ಪೌರರಿಗೆ ಮತ್ತು ಕೆಲವು ನಿಗದಿತ ವರ್ಗದವರಿಗೆ ಮಾತ್ರ. ನಮ್ಮ ಮಕ್ಕಳಿಗೆ ಸಹಾಯ ಬರುವುದಿದ್ದರೆ ಕಾಲೇಜಿನ ಸ್ವಂತ ನಿಧಿಯಿಂದ ಬರಬೇಕು. ಅದರಲ್ಲಿ ಎರಡು ಬಗೆ. ಒಂದು, ಪ್ರತಿಭೆಗೆ ಕೊಡುವ ವಿದ್ಯಾರ್ಥಿವೇತನ. ಇನ್ನೊಂದು, ಮನೆಯ ಆದಾಯ ನೋಡಿ ಕೊಡುವ ಧನಸಹಾಯ. ಎರಡನೆಯದಕ್ಕೆ ಹಲವು ಕಾಲೇಜುಗಳು ಸಿಎಸ್‌ಎಸ್ ಪ್ರೊಫೈಲ್ ಎಂಬ ಅರ್ಜಿ ಕೇಳುತ್ತವೆ. ಅದರಲ್ಲಿ ತಂದೆ ತಾಯಿಯ ಸಂಬಳ, ಮನೆ, ಉಳಿತಾಯ, ಇತರ ಮಕ್ಕಳ ಓದಿನ ಖರ್ಚು ಎಲ್ಲ ಬರೆಯಬೇಕು.

ಇಲ್ಲಿ ತಿಳಿದಿರಬೇಕಾದ ಒಂದು ವ್ಯತ್ಯಾಸ ಇದೆ. ಹೆಚ್ಚಿನ ಕಾಲೇಜುಗಳಲ್ಲಿ ವಿದೇಶಿ ವಿದ್ಯಾರ್ಥಿ ಹಣ ಬೇಕೆಂದು ಕೇಳಿದರೆ ಪ್ರವೇಶ ಸಿಗುವ ಸಾಧ್ಯತೆ ಕುಗ್ಗುತ್ತದೆ. ಕೆಲವೇ ಕಾಲೇಜುಗಳು ಪ್ರವೇಶ ತೀರ್ಮಾನಿಸುವಾಗ ಹಣದ ವಿಚಾರ ನೋಡುವುದಿಲ್ಲ, ಮತ್ತು ಒಪ್ಪಿಕೊಂಡ ಮೇಲೆ ಮನೆಯವರಿಂದ ಆಗದ ಮೊತ್ತವನ್ನು ತಾವೇ ತುಂಬುತ್ತವೆ. ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್, ಎಂಐಟಿ, ಆ್ಯಮ್‌ಹರ್ಸ್ಟ್, ಡಾರ್ಟ್‌ಮತ್, ಬೋಡನ್ ಇವುಗಳಲ್ಲಿ ಕೆಲವು. ಆದರೆ ಇಲ್ಲೆಲ್ಲ ನೂರು ಅರ್ಜಿಗಳಲ್ಲಿ ಹತ್ತನ್ನೂ ಒಪ್ಪುವುದಿಲ್ಲ. ಬುದ್ಧಿವಂತ ಮಗುವಿಗೆ ಒಂದೆರಡು ಇಂತಹ ಕಡೆ ಪ್ರಯತ್ನಿಸಲು ಹೇಳಿ. ಅದರ ಮೇಲೆಯೇ ಭರವಸೆ ಇಟ್ಟು ಕೂರಬೇಡಿ.

ಇನ್ನೊಂದು ಎಚ್ಚರಿಕೆ. "ಮೊದಲು ಸೇರಲಿ, ಎರಡನೇ ವರ್ಷ ಸಹಾಯ ಕೇಳೋಣ" ಎಂದು ಹೇಳುವವರಿದ್ದಾರೆ. ಅರ್ಜಿಯ ಸಮಯದಲ್ಲಿ ಧನಸಹಾಯ ಕೇಳದ ವಿದೇಶಿ ವಿದ್ಯಾರ್ಥಿಗೆ ಅನೇಕ ಕಾಲೇಜುಗಳು ಆಮೇಲೆ ಕೊಡುವುದೇ ಇಲ್ಲ. ದುಡಿದು ಶುಲ್ಕ ಕಟ್ಟುವ ಮಾತೂ ನಡೆಯದು. ವಿದ್ಯಾರ್ಥಿ ವೀಸಾದಲ್ಲಿ ತರಗತಿ ನಡೆಯುವ ದಿನಗಳಲ್ಲಿ ಕ್ಯಾಂಪಸ್ ಒಳಗೆ ವಾರಕ್ಕೆ ಹೆಚ್ಚೆಂದರೆ 20 ಗಂಟೆ ಕೆಲಸ ಮಾಡಬಹುದು. ಅದು ಕೈಖರ್ಚಿಗೆ ಆದೀತು, ಶುಲ್ಕಕ್ಕೆ ಆಗದು.

ಅಂದು ಆ ಮನೆಯಲ್ಲಿ ನಾನು ಮಾಡಿಸಿದ ಮೊದಲ ಕೆಲಸ, ಒಂದು ನೋಟ್‌ಬುಕ್ ತರಿಸಿದ್ದು. "ಸಾಲ ಮಾಡದೆ, ಹೆಣ್ಣುಮಕ್ಕಳ ಪಾಲಿನದ್ದನ್ನು ಮುಟ್ಟದೆ, ವರ್ಷಕ್ಕೆ ಎಷ್ಟು ಕೊಡಬಲ್ಲಿರಿ?" ಎಂದು ಕೇಳಿದೆ. ತಂದೆ ಸ್ವಲ್ಪ ಹೊತ್ತು ಸುಮ್ಮನಿದ್ದರು. ತಾಯಿಯೇ ಹೇಳಿದರು: "ಹತ್ತು ಲಕ್ಷ. ಅದಕ್ಕಿಂತ ಹೆಚ್ಚು ಆಗ್ಲಿಕ್ಕಿಲ್ಲ." ಹತ್ತು ಲಕ್ಷವೆಂದರೆ ಸುಮಾರು 12,000 ಡಾಲರ್. ಆ ಅಂಕಿಯನ್ನು ಮಗನ ಎದುರೇ ಬರೆದೆವು. ಅವನಿಗೆ ಅದು ಅಂದೇ ಗೊತ್ತಾದದ್ದು ಒಳ್ಳೆಯದಾಯಿತು. ಕಾಲೇಜುಗಳ ಪಟ್ಟಿಯನ್ನು ಅವನು ಅದೇ ಅಂಕಿ ಹಿಡಿದು ಮಾಡಿದ.

ಡಾಕ್ಟರ್ ಆಗಬೇಕೆಂದರೆ

ನಮ್ಮ ಮನೆಗಳಲ್ಲಿ ಅತಿ ಹೆಚ್ಚು ಕೇಳಿಬರುವ ಆಸೆ ಇದು. ಅಮೆರಿಕದಲ್ಲಿ ಹನ್ನೆರಡನೇ ತರಗತಿಯ ನಂತರ ನೇರವಾಗಿ ಎಂಬಿಬಿಎಸ್‌ನಂತಹ ಕೋರ್ಸಿಗೆ ಸೇರುವ ಸಾಮಾನ್ಯ ದಾರಿ ಇಲ್ಲ. ಮೊದಲು ನಾಲ್ಕು ವರ್ಷದ ಪದವಿ, ನಂತರ ಎಂಕ್ಯಾಟ್ ಎಂಬ ಪರೀಕ್ಷೆ, ಆಮೇಲೆ ನಾಲ್ಕು ವರ್ಷದ ವೈದ್ಯಕೀಯ ಶಾಲೆ, ಅದರ ಮೇಲೆ ರೆಸಿಡೆನ್ಸಿ. ಅಲ್ಲಿನ ಅನೇಕ ವೈದ್ಯಕೀಯ ಶಾಲೆಗಳು ವಿದೇಶಿ ವಿದ್ಯಾರ್ಥಿಗಳನ್ನು ತೆಗೆದುಕೊಳ್ಳುವುದೇ ಇಲ್ಲ. "ಪ್ರೀ-ಮೆಡ್" ಎಂದು ಜಾಹೀರಾತಿನಲ್ಲಿ ಕಂಡರೆ ಅದು ಡಾಕ್ಟರ್ ಸೀಟಲ್ಲ, ಅದಕ್ಕೆ ಮುಂಚಿನ ಓದು ಅಷ್ಟೇ. ಕಾನೂನು ಓದಿಗೂ ಹೀಗೆಯೇ, ಪದವಿಯ ನಂತರವೇ ದಾರಿ. ಮಗಳು ಡಾಕ್ಟರ್ ಆಗಬೇಕೆಂಬುದೇ ಗಟ್ಟಿ ಗುರಿಯಾದರೆ ಭಾರತದ ದಾರಿಯೇ ಹತ್ತಿರ.

ಕಂಪ್ಯೂಟರ್, ಎಂಜಿನಿಯರಿಂಗ್, ಅರ್ಥಶಾಸ್ತ್ರ, ಮೂಲವಿಜ್ಞಾನ ಓದುವವರಿಗೆ ಅಲ್ಲಿನ ಪದ್ಧತಿಯ ಒಂದು ಅನುಕೂಲ ಇದೆ. ಹೆಚ್ಚಿನ ಕಾಲೇಜುಗಳಲ್ಲಿ ಮೊದಲ ದಿನವೇ ವಿಷಯ ನಿಗದಿ ಮಾಡಬೇಕಿಲ್ಲ. ಒಂದೆರಡು ವರ್ಷ ಬೇರೆ ಬೇರೆ ವಿಷಯ ಓದಿ ಆಮೇಲೆ ಮುಖ್ಯ ವಿಷಯ ಆರಿಸಿಕೊಳ್ಳಬಹುದು. ಆದರೂ ಎಂಜಿನಿಯರಿಂಗ್ ಮತ್ತು ಕಂಪ್ಯೂಟರ್ ವಿಭಾಗಗಳಿಗೆ ಕೆಲವು ವಿಶ್ವವಿದ್ಯಾಲಯಗಳು ಅರ್ಜಿಯಲ್ಲೇ ಹೇಳಬೇಕೆನ್ನುತ್ತವೆ, ಆಮೇಲೆ ಬದಲಾಯಿಸಲು ಬಿಡುವುದಿಲ್ಲ. ವಿಚಾರಿಸಿ ಅರ್ಜಿ ಹಾಕಬೇಕು.

ದಾಖಲೆಗಳು: ನಾಲ್ಕು ವರ್ಷ, ಒಂದು ಹೆಸರು

ಅಮೆರಿಕದವರಿಗೆ ಹೈಸ್ಕೂಲ್ ಎಂದರೆ 9ರಿಂದ 12. ಆದ್ದರಿಂದ ಒಂಬತ್ತನೇ ತರಗತಿಯ ಅಂಕಗಳೂ ಕಡತಕ್ಕೆ ಹೋಗುತ್ತವೆ. ನಮ್ಮಲ್ಲಿ ಒಂಬತ್ತನೇ ತರಗತಿಯ ಅಂಕಪಟ್ಟಿಯನ್ನು ಯಾರೂ ಜೋಪಾನ ಮಾಡುವುದಿಲ್ಲ. ಗಲ್ಫ್‌ನಲ್ಲಿ ತಂದೆಯ ಕೆಲಸ ಬದಲಾದಾಗ ಮಗು ಎರಡು ಮೂರು ಶಾಲೆ ಬದಲಾಯಿಸಿರುತ್ತದೆ. ಹಳೆಯ ಶಾಲೆಗೆ ಮತ್ತೆ ಹೋಗಿ ಪಡೆಯಲು ತಿಂಗಳುಗಳೇ ಬೇಕಾಗಬಹುದು. ಊರಿನಲ್ಲಿ ಓದುವವರಿಗೆ ಇದು ಇನ್ನೂ ಖಂಡಿತ: ಎಸ್ಸೆಸ್ಸೆಲ್ಸಿವರೆಗೆ ಒಂದು ಹೈಸ್ಕೂಲ್, ಪಿಯುಸಿ ಬೇರೆ ಕಾಲೇಜು. ಎರಡೂ ಕಡೆಯಿಂದ ಮುದ್ರೆ ಹಾಕಿದ, ಇಂಗ್ಲಿಷಿನಲ್ಲಿರುವ ಅಂಕಪಟ್ಟಿ ಬೇಕು.

ಶೇಕಡಾ ಅಂಕಗಳನ್ನು ನೀವೇ ಜಿಪಿಎ ಎಂಬ ಅಮೆರಿಕದ ಮಾನಕ್ಕೆ ಬದಲಾಯಿಸಲು ಹೋಗಬೇಡಿ. ಶಾಲೆ ಕೊಟ್ಟದ್ದನ್ನೇ ಹಾಗೆಯೇ ಬರೆಯಬೇಕು. ಸಿಬಿಎಸ್‌ಇ ಮತ್ತು ರಾಜ್ಯ ಮಂಡಳಿಯ ಅಂಕಗಳನ್ನು ಓದುವ ಅಭ್ಯಾಸ ಅಲ್ಲಿನ ಪ್ರವೇಶ ವಿಭಾಗಗಳಿಗೆ ಇದೆ.

ನಮ್ಮ ಶಾಲೆಗಳಲ್ಲಿ, ಅದಕ್ಕಿಂತ ಹೆಚ್ಚಾಗಿ ಪಿಯು ಕಾಲೇಜುಗಳಲ್ಲಿ, ಕಾಲೇಜು ಸಲಹೆಗಾರರೆಂಬ ಹುದ್ದೆಯೇ ಇರುವುದಿಲ್ಲ. ಆ ಭಾಗವನ್ನು ಪ್ರಾಂಶುಪಾಲರು ಅಥವಾ ಒಬ್ಬ ಉಪನ್ಯಾಸಕರು ತುಂಬಬಹುದು. ಅವರಿಗೆ ಇದು ಹೊಸತಾಗಿರಬಹುದು. ಆದ್ದರಿಂದ ಎರಡು ತಿಂಗಳು ಮೊದಲೇ ಹೋಗಿ, ವಿನಯದಿಂದ ಕೇಳಿ, ಏನು ಬರೆಯಬೇಕು, ಎಂದಿನೊಳಗೆ ಕಳಿಸಬೇಕು ಎಂದು ಒಂದು ಹಾಳೆಯಲ್ಲಿ ಬರೆದು ಕೊಡಿ. ಪತ್ರವನ್ನು ಮಾತ್ರ ಅವರೇ ಬರೆಯಬೇಕು, ಅವರೇ ಕಳಿಸಬೇಕು.

ಈಗ ಹೆಸರಿನ ವಿಷಯ. ನಮ್ಮ ಮಕ್ಕಳ ದಾಖಲೆಗಳಲ್ಲಿ ಹೆಸರು ಒಂದೊಂದು ಕಡೆ ಒಂದೊಂದು ರೀತಿ ಇರುತ್ತದೆ. ಶಾಲೆಯಲ್ಲಿ ಮುಹಮ್ಮದ್ ಎಂದು ಪೂರ್ತಿ, ಪಾಸ್‌ಪೋರ್ಟಿನಲ್ಲಿ ಒಂದೇ ಅಕ್ಷರದ ಇನಿಷಿಯಲ್, ಒಂದು ಕಡೆ ತಂದೆಯ ಹೆಸರು ಇದೆ, ಇನ್ನೊಂದು ಕಡೆ ಇಲ್ಲ. ಹೆಣ್ಣುಮಕ್ಕಳ ಪಾಸ್‌ಪೋರ್ಟಿನಲ್ಲಿ ಎಷ್ಟೋ ಬಾರಿ ಒಂದೇ ಹೆಸರು, ಉಪನಾಮದ ಜಾಗ ಖಾಲಿ. ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿದ್ದರೆ ಅಮೆರಿಕದ ವೀಸಾದಲ್ಲಿ ಆ ಹೆಸರು ಉಪನಾಮವಾಗಿ, ಮೊದಲ ಹೆಸರಿನ ಜಾಗದಲ್ಲಿ "ಎಫ್‌ಎನ್‌ಯು" ಎಂದು ಬರುತ್ತದೆ. ಮೊದಲ ಹೆಸರು ತಿಳಿದಿಲ್ಲ ಎಂದು ಅದರ ಅರ್ಥ. ಆಮೇಲೆ ಬ್ಯಾಂಕ್ ಖಾತೆ, ಕಾಲೇಜಿನ ಗುರುತು ಚೀಟಿ, ಡ್ರೈವಿಂಗ್ ಲೈಸೆನ್ಸ್ ಎಲ್ಲ ಕಡೆಯೂ ಆ ಮೂರು ಅಕ್ಷರ ಹುಡುಗಿಯ ಹೆಸರಾಗಿ ಅಂಟಿಕೊಳ್ಳುತ್ತದೆ. ಹತ್ತನೇ ತರಗತಿಯ ನೋಂದಣಿಗೆ ಮೊದಲೇ ಪಾಸ್‌ಪೋರ್ಟ್ ಮತ್ತು ಶಾಲಾ ದಾಖಲೆಗಳನ್ನು ಒಂದೇ ಆಗಿಸಿಬಿಡಿ. ಬೋರ್ಡಿನ ಅಂಕಪಟ್ಟಿ ಬಂದ ಮೇಲೆ ತಿದ್ದಿಸುವುದು ಬಹಳ ಕಷ್ಟ.

ಪರೀಕ್ಷೆಗಳು

ಸ್ಯಾಟ್ ಪರೀಕ್ಷೆ ಈಗ ಲ್ಯಾಪ್‌ಟಾಪಿನಲ್ಲಿ ನಡೆಯುತ್ತದೆ. ಇಂಗ್ಲಿಷ್ ಮತ್ತು ಗಣಿತ ಎರಡು ಭಾಗ, 2 ಗಂಟೆ 14 ನಿಮಿಷ, ಒಟ್ಟು 1600 ಅಂಕ. ತಪ್ಪು ಉತ್ತರಕ್ಕೆ ಅಂಕ ಕಡಿತ ಇಲ್ಲ. ವರ್ಷದಲ್ಲಿ ಹಲವು ಬಾರಿ ನಡೆಯುತ್ತದೆ, ಮತ್ತೆ ಬರೆಯಬಹುದು. ಕೋವಿಡ್ ಕಾಲದಲ್ಲಿ ಅನೇಕ ಕಾಲೇಜುಗಳು ಇದನ್ನು ಐಚ್ಛಿಕ ಮಾಡಿದವು. ಎಂಐಟಿ 2022ರಲ್ಲಿ ಮತ್ತೆ ಕಡ್ಡಾಯ ಮಾಡಿತು. 2024ರಲ್ಲಿ ಡಾರ್ಟ್‌ಮತ್, ಬ್ರೌನ್, ಹಾರ್ವರ್ಡ್ ಪರೀಕ್ಷೆ ಬೇಕೆಂದು ಘೋಷಿಸಿದವು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ ಮಾತ್ರ ಸ್ಯಾಟ್ ಅಂಕವನ್ನು ನೋಡುವುದೇ ಇಲ್ಲ. ಗಣಿತದಲ್ಲಿ ನಮ್ಮ ಮಕ್ಕಳು ಸಾಮಾನ್ಯವಾಗಿ ಮುಂದೆ. ಹೆಚ್ಚಿನ ಅಭ್ಯಾಸ ಬೇಕಾಗುವುದು ಓದಿ ಅರ್ಥಮಾಡಿಕೊಳ್ಳುವ ಭಾಗಕ್ಕೆ. ಬ್ಲೂಬುಕ್ ಎಂಬ ಆ್ಯಪಿನಲ್ಲಿ ಪೂರ್ಣ ಮಾದರಿ ಪರೀಕ್ಷೆಗಳು ಉಚಿತವಾಗಿ ಸಿಗುತ್ತವೆ. ಮನೆಯಲ್ಲೇ ಅವನ್ನು ಎರಡು ಮೂರು ಬಾರಿ ಬರೆದು ನೋಡಿ, ಬೇಕೆನಿಸಿದರೆ ಆಮೇಲೆ ಕೋಚಿಂಗ್ ಯೋಚಿಸಿ.

ಇಂಗ್ಲಿಷ್ ಸಾಮರ್ಥ್ಯಕ್ಕೆ ಟೋಫೆಲ್, ಐಇಎಲ್‌ಟಿಎಸ್ ಅಥವಾ ಡ್ಯುಯೊಲಿಂಗೊ ಪರೀಕ್ಷೆ ಕೇಳುತ್ತಾರೆ. ಇಂಗ್ಲಿಷ್ ಮಾಧ್ಯಮದಲ್ಲಿ ಓದಿದವರಿಗೆ ಹಲವು ಕಾಲೇಜುಗಳು ವಿನಾಯಿತಿ ಕೊಡುತ್ತವೆ. ಕೇಳಿ ನೋಡದೆ ಹಣ ಕಟ್ಟಬೇಡಿ. ಈ ಅಂಕಗಳಿಗೆ ಎರಡು ವರ್ಷ ಮಾತ್ರ ಮಾನ್ಯತೆ ಎಂಬುದನ್ನೂ ನೆನಪಿಡಿ.

ಪ್ರಬಂಧ ಮತ್ತು ಪ್ರಾಮಾಣಿಕತೆ

ಕಾಮನ್ ಆ್ಯಪಿನ ಮುಖ್ಯ ಪ್ರಬಂಧಕ್ಕೆ 650 ಪದಗಳ ಮಿತಿ. ನಮ್ಮ ಮಕ್ಕಳು ಇಲ್ಲಿ ಭಾಷಣ ಬರೆಯುತ್ತಾರೆ: ವಿದ್ಯೆಯ ಮಹತ್ವ, ದೇಶ ಸೇವೆಯ ಕನಸು. ಓದುವವರಿಗೆ ಅದರಲ್ಲಿ ಆ ಹುಡುಗ ಕಾಣುವುದಿಲ್ಲ. ನಾನು ಓದಿದ ಒಳ್ಳೆಯ ಪ್ರಬಂಧಗಳಲ್ಲಿ ಒಂದನ್ನು ಬರೆದವಳು ಪ್ರತಿ ಬೇಸಿಗೆ ರಜೆಯಲ್ಲಿ ಊರಿಗೆ ಬಂದಾಗ ಅಜ್ಜಿಯ ಸಕ್ಕರೆ ಕಾಯಿಲೆಯ ಮಾತ್ರೆಗಳನ್ನು ವಾರದ ಡಬ್ಬಿಗೆ ಹಾಕಿಡುತ್ತಿದ್ದ ಹುಡುಗಿ. ಓದು ಬಾರದ ಅಜ್ಜಿಗೆ ತಿಳಿಯುವಂತೆ ಡಬ್ಬಿಯ ಮೇಲೆ ಸೂರ್ಯ, ಚಂದ್ರ ಬಿಡಿಸಿದ್ದಳು. ಅಷ್ಟೇ ವಿಷಯ. ಅದರಲ್ಲಿ ಅವಳು ಪೂರ್ತಿ ಕಾಣುತ್ತಿದ್ದಳು.

ಚಟುವಟಿಕೆಗಳ ಪಟ್ಟಿಯಲ್ಲಿ ಹತ್ತು ಜಾಗ ಇವೆ. ಎಲ್ಲವನ್ನೂ ತುಂಬಲೇಬೇಕೆಂದಿಲ್ಲ. ತಮ್ಮಂದಿರಿಗೆ ಪಾಠ ಹೇಳಿಕೊಟ್ಟದ್ದು, ತಂದೆಯ ಅಂಗಡಿಯ ಲೆಕ್ಕ ಬರೆದದ್ದು, ಮದ್ರಸದಲ್ಲಿ ಚಿಕ್ಕ ಮಕ್ಕಳಿಗೆ ಕಲಿಸಿದ್ದು, ಹಿಫ್ಝ್ ಮಾಡಿದ್ದು ಎಲ್ಲವೂ ಅಲ್ಲಿ ಬರೆಯಬಹುದಾದ ನಿಜವಾದ ಕೆಲಸಗಳೇ. ಕುರ್‌ಆನ್ ಕಂಠಪಾಠಕ್ಕೆ ಎಷ್ಟು ವರ್ಷ, ದಿನಕ್ಕೆ ಎಷ್ಟು ಗಂಟೆ ಕೊಟ್ಟೆ ಎಂದು ಬರೆದರೆ ಆ ಶ್ರಮ ಯಾರಿಗೂ ಅರ್ಥವಾಗುತ್ತದೆ.

ಆದರೆ ಮಾಡದ್ದನ್ನು ಬರೆಯಬಾರದು. ಪ್ರಬಂಧ ಬರೆದುಕೊಡುವವರು, ಸೇವಾ ಸಂಸ್ಥೆಯ ಸರ್ಟಿಫಿಕೇಟ್ ಮಾರುವವರು, ಬ್ಯಾಂಕಿನಲ್ಲಿ ಹದಿನೈದು ದಿನ ಹಣ ತೋರಿಸಿ ವಾಪಸ್ ಪಡೆಯುವವರು ಎಲ್ಲ ಕಡೆ ಇದ್ದಾರೆ. ಅರ್ಜಿಯ ಕೊನೆಯಲ್ಲಿ "ಇದರಲ್ಲಿರುವುದೆಲ್ಲ ಸತ್ಯ, ನನ್ನದೇ" ಎಂದು ಮಗು ಸಹಿ ಹಾಕುತ್ತದೆ. ಸುಳ್ಳೆಂದು ತಿಳಿದರೆ ಓದು ಅರ್ಧವಾದ ಮೇಲೂ ಹೊರಹಾಕಬಹುದು. ವೀಸಾ ಅಧಿಕಾರಿಯ ಎದುರು ಸುಳ್ಳು ದಾಖಲೆ ಕೊಟ್ಟರೆ ಜೀವನಪರ್ಯಂತ ಅಮೆರಿಕದ ಬಾಗಿಲು ಮುಚ್ಚಬಹುದು. ಪೆನ್ಸಿಲ್ವೇನಿಯಾದ ಒಂದು ವಿಶ್ವವಿದ್ಯಾಲಯದಲ್ಲಿ ಪೂರ್ಣ ಧನಸಹಾಯ ಪಡೆದು ಓದುತ್ತಿದ್ದ ಭಾರತೀಯ ಯುವಕನೊಬ್ಬ 2024ರಲ್ಲಿ ಬಂಧನಕ್ಕೊಳಗಾದ. ಅಂಕಪಟ್ಟಿ ಸುಳ್ಳು ಎಂದು ತಿಳಿಯಿತು. ಬದುಕಿದ್ದ ತಂದೆಯ ಸಾವಿನ ಪತ್ರವನ್ನೂ ಅವನು ಸೃಷ್ಟಿಸಿದ್ದ. ಕೊನೆಗೆ ಓದು ಬಿಟ್ಟು ಊರಿಗೆ ಮರಳಬೇಕಾಯಿತು. ಸುಳ್ಳಿನಿಂದ ಸಿಕ್ಕ ಓದಿನಲ್ಲಿ ಬರಕತ್ ಇರುವುದಿಲ್ಲವೆಂದು ನಾವು ಮಕ್ಕಳಿಗೆ ಹೇಳುತ್ತೇವೆ. ಅರ್ಜಿ ತುಂಬುವ ದಿನ ಅದನ್ನು ನಾವೇ ಮರೆಯಬಾರದು.

ದಿನಾಂಕಗಳು

ಅಮೆರಿಕದಲ್ಲಿ ತರಗತಿ ಶುರುವಾಗುವುದು ಆಗಸ್ಟ್ ಕೊನೆ ಅಥವಾ ಸೆಪ್ಟೆಂಬರ್‌ನಲ್ಲಿ. ಅದಕ್ಕೆ ಅರ್ಜಿ ಹಾಕುವುದು ಹಿಂದಿನ ವರ್ಷ, ಅಂದರೆ ಹನ್ನೆರಡನೇ ತರಗತಿಯ ನಡುವೆ. ಬೋರ್ಡ್ ಫಲಿತಾಂಶ ಬಂದ ಮೇಲೆ ನೋಡೋಣ ಎಂದು ಕೂತರೆ ಒಂದು ವರ್ಷ ಕೈತಪ್ಪುತ್ತದೆ.

ಹನ್ನೊಂದನೇ ತರಗತಿಯ ಕೊನೆಯಲ್ಲಿ ಹಣದ ಲೆಕ್ಕ, ಕಾಲೇಜುಗಳ ಪಟ್ಟಿ, ಮೊದಲ ಸ್ಯಾಟ್ ಮುಗಿಯಲಿ. ಆಗಸ್ಟ್ 1ಕ್ಕೆ ಆ ವರ್ಷದ ಕಾಮನ್ ಆ್ಯಪ್ ತೆರೆಯುತ್ತದೆ. ಗಲ್ಫ್ ಶಾಲೆಗಳ ಬೇಸಿಗೆ ರಜೆ ಪ್ರಬಂಧ ಬರೆಯಲು ಒಳ್ಳೆಯ ಸಮಯ. ನವೆಂಬರ್ 1 ಅಥವಾ 15ಕ್ಕೆ ಮುಂಚಿತ ಅರ್ಜಿಗಳ ಕೊನೆಯ ದಿನ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯಕ್ಕೆ ಪ್ರತ್ಯೇಕ ಅರ್ಜಿ ಇದೆ, ಅದರ ಗಡುವು ನವೆಂಬರ್ ಕೊನೆಯ ಹೊತ್ತಿಗೆ. ಉಳಿದ ಸಾಮಾನ್ಯ ಅರ್ಜಿಗಳು ಹೆಚ್ಚಾಗಿ ಜನವರಿ ಮೊದಲ ದಿನಗಳಲ್ಲಿ ಮುಗಿಯುತ್ತವೆ. ಉತ್ತರ ಮಾರ್ಚ್ ಕೊನೆಯೊಳಗೆ. ಸೇರುತ್ತೇನೆ ಎಂದು ತಿಳಿಸಲು ಸಾಮಾನ್ಯವಾಗಿ ಮೇ 1ರ ತನಕ ಸಮಯ.

ಮುಂಚಿತ ಅರ್ಜಿಯಲ್ಲಿ ಎರಡು ವಿಧ. ಅರ್ಲಿ ಆ್ಯಕ್ಷನ್‌ನಲ್ಲಿ ಸಿಕ್ಕರೂ ಸೇರಲೇಬೇಕೆಂಬ ಕಟ್ಟುಪಾಡಿಲ್ಲ. ಅರ್ಲಿ ಡಿಸಿಷನ್ ಹಾಗಲ್ಲ, ಅದು ಮಾತು ಕೊಟ್ಟಂತೆ. ಸಿಕ್ಕರೆ ಉಳಿದ ಅರ್ಜಿಗಳನ್ನೆಲ್ಲ ಹಿಂಪಡೆದು ಅಲ್ಲಿಗೇ ಸೇರಬೇಕು. ವಿದ್ಯಾರ್ಥಿ, ಹೆತ್ತವರು, ಶಾಲೆ ಮೂವರೂ ಅದಕ್ಕೆ ಸಹಿ ಹಾಕುತ್ತಾರೆ. ನಾಲ್ಕು ಕಡೆಯ ಧನಸಹಾಯ ಹೋಲಿಸಿ ನೋಡಬೇಕಾದ ಮನೆಯವರು ಇದಕ್ಕೆ ಕೈ ಹಾಕದಿರುವುದು ಕ್ಷೇಮ.

ಪ್ರವೇಶ ಸಿಕ್ಕಿತೆಂದು ಬೋರ್ಡ್ ಪರೀಕ್ಷೆಯನ್ನು ಹಗುರ ಮಾಡಬಾರದು. ಅರ್ಜಿಯಲ್ಲಿ ಹೋದದ್ದು ಶಾಲೆಯ ಅಂದಾಜು ಅಂಕ. ಮೇ ತಿಂಗಳಲ್ಲಿ ಬರುವ ನಿಜವಾದ ಅಂಕ ತೀರಾ ಕುಸಿದಿದ್ದರೆ ಕಾಲೇಜು ಪ್ರವೇಶ ರದ್ದು ಮಾಡಬಹುದು.

ಇನ್ನೂ ಕೆಲವು ದಾರಿಗಳು

ಕಮ್ಯೂನಿಟಿ ಕಾಲೇಜು: ಎರಡು ವರ್ಷ ಕಡಿಮೆ ಶುಲ್ಕದ ಸ್ಥಳೀಯ ಕಾಲೇಜಿನಲ್ಲಿ ಓದಿ, ಮೂರನೇ ವರ್ಷಕ್ಕೆ ವಿಶ್ವವಿದ್ಯಾಲಯಕ್ಕೆ ವರ್ಗವಾಗುವ ದಾರಿ. ಕೊನೆಗೆ ಸಿಗುವ ಪದವಿ ವಿಶ್ವವಿದ್ಯಾಲಯದ್ದೇ. ಕ್ಯಾಲಿಫೋರ್ನಿಯಾದ ಕಮ್ಯೂನಿಟಿ ಕಾಲೇಜುಗಳಲ್ಲಿ ನಿಗದಿತ ವಿಷಯ ಮತ್ತು ಅಂಕ ಪೂರೈಸಿದವರಿಗೆ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಆರು ಕ್ಯಾಂಪಸ್‌ಗಳಲ್ಲಿ ವರ್ಗಾವಣೆಯ ಖಾತರಿ ಪಡೆಯುವ ಅವಕಾಶವಿದೆ. ಬರ್ಕ್ಲಿ, ಲಾಸ್ ಏಂಜಲೀಸ್, ಸ್ಯಾನ್ ಡಿಯಾಗೋ ಇದರಲ್ಲಿ ಸೇರಿಲ್ಲ. ಆದರೆ ವರ್ಗವಾದ ಮೇಲಿನ ಎರಡು ವರ್ಷದ ಪೂರ್ಣ ಖರ್ಚನ್ನೂ ಲೆಕ್ಕಕ್ಕೆ ಹಿಡಿಯಬೇಕು. ಆ ವಿಶ್ವವಿದ್ಯಾಲಯ ವಿದೇಶಿಯರಿಗೆ ಆದಾಯ ನೋಡಿ ಧನಸಹಾಯ ಕೊಡುವುದಿಲ್ಲ.

ಗಲ್ಫ್‌ನಲ್ಲೇ ಅಮೆರಿಕದ ಪದವಿ: ನ್ಯೂಯಾರ್ಕ್ ವಿಶ್ವವಿದ್ಯಾಲಯ 2010ರಿಂದ ಅಬುಧಾಬಿಯಲ್ಲಿ ಪದವಿ ತರಗತಿ ನಡೆಸುತ್ತಿದೆ. ದೋಹಾದ ಎಜುಕೇಶನ್ ಸಿಟಿಯಲ್ಲಿ ಜಾರ್ಜ್‌ಟೌನ್, ಕಾರ್ನೆಗಿ ಮೆಲನ್, ನಾರ್ತ್‌ವೆಸ್ಟರ್ನ್ ಇವೆ. ವೈದ್ಯಕೀಯಕ್ಕೆ ವೈಲ್ ಕಾರ್ನೆಲ್ ಇದೆ. ಸೇರುವುದು ಸುಲಭವಲ್ಲ. ಆದರೆ ಹೆತ್ತವರು ಗಲ್ಫ್‌ನಲ್ಲೇ ಇರುವ ಮಕ್ಕಳಿಗೆ, ವಿಶೇಷವಾಗಿ ಹೆಣ್ಣುಮಕ್ಕಳನ್ನು ದೂರ ಕಳಿಸಲು ಹಿಂಜರಿಯುವ ಮನೆಗಳಿಗೆ, ನೋಡಲೇಬೇಕಾದ ದಾರಿ.

ಮಹಿಳಾ ಕಾಲೇಜುಗಳು: ಅಮೆರಿಕದಲ್ಲಿ ಹೆಣ್ಣುಮಕ್ಕಳಿಗೆಂದೇ ಇರುವ ಕಾಲೇಜುಗಳಿವೆ ಎಂಬುದು ನಮ್ಮಲ್ಲಿ ಹೆಚ್ಚಿನವರಿಗೆ ಗೊತ್ತಿಲ್ಲ. ಮೌಂಟ್ ಹೋಲ್ಯೋಕ್ 1837ರಲ್ಲಿ ಶುರುವಾದದ್ದು. ವೆಲ್ಸ್‌ಲಿ, ಸ್ಮಿತ್, ಬ್ರಿನ್ ಮಾರ್ ಕೂಡ ಅಂತಹವೇ. ಓದಿನ ಮಟ್ಟ ಉತ್ತಮ, ವಿದೇಶಿ ವಿದ್ಯಾರ್ಥಿನಿಯರಿಗೆ ಧನಸಹಾಯವೂ ಇದೆ. ಮಗಳು ಬುದ್ಧಿವಂತೆ, ಆದರೆ ಮನಸ್ಸು ಒಪ್ಪುತ್ತಿಲ್ಲ ಎನ್ನುವ ತಂದೆ ತಾಯಿ ಈ ಹೆಸರುಗಳನ್ನು ಬರೆದಿಟ್ಟುಕೊಳ್ಳಲಿ.

ಊರಿನ ದಾರಿಯನ್ನೂ ಮುಚ್ಚಬೇಡಿ. ಗಲ್ಫ್‌ನಲ್ಲಿ ದುಡಿಯುವ ಭಾರತೀಯರ ಮಕ್ಕಳಿಗೆ ಎನ್‌ಐಟಿಗಳಲ್ಲಿ ದಾಸಾ ಯೋಜನೆಯೊಳಗೆ ಪ್ರತ್ಯೇಕ ಪಾಲು ಇದೆ. ಅದಕ್ಕೆ ಜೆಇಇ ಮೇನ್ ಬರೆದಿರಬೇಕು. ಅಮೆರಿಕಕ್ಕೆ ಅರ್ಜಿ ಹಾಕುವ ಹುಡುಗ ಅದನ್ನೂ ಬರೆಯಲಿ.

ವೀಸಾ

ಪ್ರವೇಶ ಖಚಿತವಾದ ಮೇಲೆ ಮೊದಲ ವರ್ಷದ ಖರ್ಚಿಗೆ ಹಣವಿದೆ ಎಂದು ತೋರಿಸಬೇಕು. ನಂತರ ಕಾಲೇಜು ಐ-20 ಎಂಬ ಪತ್ರ ಕಳಿಸುತ್ತದೆ. ಅದನ್ನು ಹಿಡಿದು 350 ಡಾಲರ್ ಸೆವಿಸ್ ಶುಲ್ಕ, ಡಿಎಸ್-160 ಅರ್ಜಿ, 185 ಡಾಲರ್ ವೀಸಾ ಶುಲ್ಕ, ಆಮೇಲೆ ಸಂದರ್ಶನ. ವೀಸಾದ ಹೆಸರು ಎಫ್-1. ಸಂದರ್ಶನ ಕೆಲವೇ ನಿಮಿಷದ್ದು. ಯಾವ ಕಾಲೇಜು, ಯಾಕೆ ಅದೇ, ಹಣ ಯಾರು ಕೊಡುತ್ತಾರೆ, ಮುಗಿದ ಮೇಲೆ ಏನು ಎಂದು ಕೇಳುತ್ತಾರೆ. ಅಲ್ಲೇ ನೆಲೆಸಲು ಹೋಗುತ್ತಿಲ್ಲ ಎಂದು ತೋರಿಸುವ ಹೊಣೆ ಅರ್ಜಿದಾರನದ್ದು. ಉತ್ತರ ಹೇಳಬೇಕಾದವನು ಹುಡುಗ. ತಂದೆ ಹೇಳಿಕೊಟ್ಟ ಪಾಠವನ್ನು ಒಪ್ಪಿಸಿದರೆ ಅಧಿಕಾರಿಗೆ ಕೂಡಲೇ ತಿಳಿಯುತ್ತದೆ.

ಎರಡು ಹೊಸ ನಿಯಮಗಳನ್ನು ಗಮನಿಸಿ. 2025ರ ಜೂನ್‌ನಿಂದ ವಿದ್ಯಾರ್ಥಿ ವೀಸಾ ಕೇಳುವವರು ತಮ್ಮ ಸಾಮಾಜಿಕ ಜಾಲತಾಣದ ಖಾತೆಗಳನ್ನು ಎಲ್ಲರಿಗೂ ಕಾಣುವಂತೆ ತೆರೆದಿಡಬೇಕು. ಅಧಿಕಾರಿಗಳು ಅವನ್ನು ನೋಡುತ್ತಾರೆ. ಓದದೆ ಮುಂದಕ್ಕೆ ಕಳಿಸಿದ ಪೋಸ್ಟ್‌ಗಳು, ಯಾರದೋ ಮೇಲಿನ ಬೈಗುಳಗಳು ಆ ದಿನ ಎದುರಿಗೆ ಬರಬಹುದು. ಇದು ವೀಸಾಕ್ಕೆಂದು ಮಾತ್ರ ಕಲಿಸಬೇಕಾದ ಶಿಸ್ತಲ್ಲ. ಎರಡನೆಯದು, 2025ರ ಸೆಪ್ಟೆಂಬರ್‌ನಿಂದ ವೀಸಾಕ್ಕೆ ತಮ್ಮ ಪೌರತ್ವದ ದೇಶದಲ್ಲಿ ಅಥವಾ ತಾವು ನೆಲೆಸಿರುವ ದೇಶದಲ್ಲಿ ಅರ್ಜಿ ಹಾಕಬೇಕು. ಗಲ್ಫ್‌ನ ಮಕ್ಕಳು ಅಲ್ಲಿನ ಇಕಾಮಾ ಚಾಲ್ತಿಯಲ್ಲಿ ಇರುವಾಗಲೇ ಸಂದರ್ಶನ ಮುಗಿಸಿದರೆ ಓಡಾಟ ಉಳಿಯುತ್ತದೆ. ಮಗ ಹೋದ ಮೇಲೆ ಅವನ ಇಕಾಮಾ ಏನಾಗುತ್ತದೆ, ರಜೆಯಲ್ಲಿ ಮರಳಲು ಏನು ಬೇಕು ಎಂಬುದನ್ನೂ ಹೊರಡುವ ಮೊದಲು ಕೇಳಿ ತಿಳಿಯಿರಿ.

ನಮಾಝ್, ಊಟ, ಸ್ನೇಹ

ಇದು ಹೆತ್ತವರು ಬಾಯಿಬಿಟ್ಟು ಕೇಳಲು ಸಂಕೋಚಪಡುವ ಪ್ರಶ್ನೆ. ಸಂಕೋಚ ಬೇಡ, ಕಾಲೇಜುಗಳಿಗೆ ಇದು ಹೊಸತಲ್ಲ. ಮುಸ್ಲಿಮ್ ವಿದ್ಯಾರ್ಥಿ ಸಂಘ 1963ರಲ್ಲೇ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಆರಂಭವಾಯಿತು. ಇಂದು ಅನೇಕ ಕ್ಯಾಂಪಸ್‌ಗಳಲ್ಲಿ ಅಂತಹ ಸಂಘಗಳಿವೆ, ಜುಮಾ ನಡೆಯುತ್ತದೆ, ಕೆಲವು ಕಡೆ ಮುಸ್ಲಿಮ್ ಧಾರ್ಮಿಕ ಸಲಹೆಗಾರರೂ ಇದ್ದಾರೆ. ಆದರೆ ಎಲ್ಲ ಕಡೆ ಒಂದೇ ರೀತಿ ಇಲ್ಲ. ಸಣ್ಣ ಊರಿನ ಕಾಲೇಜಿನಲ್ಲಿ ಹತ್ತಿರದ ಮಸೀದಿಗೆ ಗಂಟೆಗಟ್ಟಲೆ ಪ್ರಯಾಣ ಇರಬಹುದು.

ಆದ್ದರಿಂದ ಸೇರುವ ಮೊದಲು ಕಾಲೇಜಿಗೆ ಇಮೇಲ್ ಬರೆದು ಕೇಳಿ: ನಮಾಝಿಗೆ ಸ್ಥಳವಿದೆಯೇ, ಜುಮಾ ಎಲ್ಲಿ, ಊಟದ ಮನೆಯಲ್ಲಿ ಹಲಾಲ್ ಸಿಗುತ್ತದೆಯೇ, ರಮಝಾನಿನಲ್ಲಿ ಸಹರಿಗೆ ವ್ಯವಸ್ಥೆ ಇದೆಯೇ, ಹೆಣ್ಣುಮಕ್ಕಳಿಗೆ ಪ್ರತ್ಯೇಕ ಮಹಡಿ ಅಥವಾ ಸ್ನಾನಗೃಹ ಇದೆಯೇ. ಮೊದಲ ವರ್ಷ ಹಾಸ್ಟೆಲಿನಲ್ಲೇ ಇರಬೇಕೆಂಬ ನಿಯಮ ಹಲವು ಕಡೆ ಇರುವುದರಿಂದ ಈ ಪ್ರಶ್ನೆಗಳು ಮುಖ್ಯ. ಅಲ್ಲಿನ ವಿದ್ಯಾರ್ಥಿ ಸಂಘದ ಒಬ್ಬರೊಡನೆ ಮಗು ತಾನೇ ಮಾತಾಡಲಿ. ಮನೆಯವರೆಲ್ಲ ಕೂತು ಸಮಾಲೋಚಿಸಿ, ಇಸ್ತಿಖಾರ ಮಾಡಿ, ಆಮೇಲೆ ತೀರ್ಮಾನಿಸಿ.

ಆ ಹುಡುಗ ಏನಾದ?

ದಮ್ಮಾಮ್‌ನ ಆ ಹುಡುಗ ಆರು ಕಾಲೇಜುಗಳಿಗೆ ಅರ್ಜಿ ಹಾಕಿದ. ಪ್ರಬಂಧವನ್ನು ತಾನೇ ಬರೆದ, ನಾನು ಓದಿ ಎರಡು ಕಡೆ ಪ್ರಶ್ನೆ ಗುರುತು ಹಾಕಿದೆ ಅಷ್ಟೇ. ಮೂರು ಕಡೆ ಪ್ರವೇಶ ಸಿಕ್ಕಿತು. ಎಲ್ಲಕ್ಕಿಂತ ಹೆಚ್ಚು ಸಹಾಯ ಕೊಟ್ಟ ಕಾಲೇಜಿಗೂ ವರ್ಷಕ್ಕೆ 31,000 ಡಾಲರ್ ಕಟ್ಟಬೇಕಿತ್ತು. ನೋಟ್‌ಬುಕ್ಕಿನಲ್ಲಿ ಬರೆದದ್ದು 12,000. ಒಂದು ವಾರ ಮನೆಯಲ್ಲಿ ಯಾರೂ ಹೆಚ್ಚು ಮಾತಾಡಲಿಲ್ಲವಂತೆ. ಸಾಲ ತರುತ್ತೇನೆಂದು ತಂದೆ ಹೊರಟಾಗ ಬೇಡವೆಂದವನು ಮಗನೇ. ಆ ಜನವರಿಯಲ್ಲಿ ಅವನು ಜೆಇಇ ಮೇನ್ ಕೂಡ ಬರೆದಿದ್ದ. ಈಗ ಸುರತ್ಕಲ್‌ನ ಎನ್‌ಐಟಿಯಲ್ಲಿ ಓದುತ್ತಿದ್ದಾನೆ. ಪದವಿಯ ನಂತರ ಸ್ನಾತಕೋತ್ತರಕ್ಕೆ ಮತ್ತೆ ಪ್ರಯತ್ನಿಸುತ್ತಾನಂತೆ. ಅಷ್ಟರಲ್ಲಿ ಸ್ವಲ್ಪ ಉಳಿತಾಯವೂ ಆಗಬಹುದು, ಇನ್‌ಶಾ ಅಲ್ಲಾಹ್.

ಕಳೆದ ತಿಂಗಳು ಅವನ ತಂದೆ ಫೋನ್ ಮಾಡಿದ್ದರು. ಮಗಳು ಒಂಬತ್ತನೇ ತರಗತಿಗೆ ಬಂದಿದ್ದಾಳೆ. "ಮಾಸ್ಟ್ರೇ, ಪಾಸ್‌ಪೋರ್ಟಿನಲ್ಲಿ ಅವಳ ಹೆಸರು ಸರಿ ಮಾಡಿಸಿದೆ. ಮಾರ್ಕ್ಸ್ ಕಾರ್ಡಿಗೆ ಒಂದು ಫೈಲ್ ತೆಗೆದುಕೊಂಡಿದ್ದೇವೆ. ಅದೇ ನೋಟ್‌ಬುಕ್ಕಿನಲ್ಲಿ ಅವಳ ಹೆಸರಲ್ಲೂ ಒಂದು ಪುಟ ಬರೆದಿಟ್ಟಿದ್ದೇವೆ" ಅಂದರು.

ನಾಲ್ಕು ಲಕ್ಷ ಕೇಳಿದವರ ನೆನಪು ಅವರಿಗೆ ಬರಲಿಲ್ಲ, ನಾನೂ ಕೇಳಲಿಲ್ಲ.